ಹಿರಿಯರ ಆರೈಕೆ: ನೀವು ಕೇಳಿದ್ದು, ನಾವು ಹೇಳುವುದು

ಪ್ರಶ್ನೆ: ನಮ್ಮ ಅವ್ವನಿಗೆ 74 ವರ್ಷ. ಲಕ್ವಾ ಹೊಡೆದು ಎಡಗೈ, ಎಡಗಾಲು ಬಿದ್ದಿವೆ. ಮೂರು ತಿಂಗಳಿಂದ ಹಾಸಿಗೆಯಲ್ಲೇ ಇದ್ದಾಳೆ. ಈಗ ಬೆನ್ನಿನ ಕೆಳತುದಿಯ ಎಲುಬಿನ ಮೇಲೆ ಕೆಂಪಗಾಗಿದೆ. ಗಾಳಿ ತುಂಬಿದ ರಿಂಗ್ ಇಟ್ಟು ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದೇವೆ. ನೀರು ಕುಡಿಸಿದರೆ ಕೆಮ್ಮು ಬರುತ್ತದೆ. ಏನು ಮಾಡಬೇಕು?
— ಮುಧೋಳದ ಓದುಗರು

ಉತ್ತರ: ರಿಂಗನ್ನು ಇವತ್ತೇ ತೆಗೆಯಿರಿ, ತಿಕ್ಕುವುದನ್ನೂ ನಿಲ್ಲಿಸಿ. ರಿಂಗಿನ ಅಂಚು ಸುತ್ತಲೂ ಒತ್ತಿ, ನಡುವಿನ ಚರ್ಮಕ್ಕೆ ರಕ್ತ ಹೋಗದಂತೆ ಮಾಡುತ್ತದೆ. ತಿಕ್ಕಿದರೆ ಒಳಗೆ ಆಗಲೇ ನೊಂದಿರುವ ಮಾಂಸ ಇನ್ನಷ್ಟು ಕೆಡುತ್ತದೆ.

ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಡಿ. ಬಿಳಿಚಿಕೊಂಡು ಮತ್ತೆ ಕೆಂಪಾದರೆ ಭಾರ ತಪ್ಪಿಸಿದರೆ ಸಾಕು, ತಾನಾಗಿ ಇಳಿಯುತ್ತದೆ. ಒತ್ತಿದರೂ ಬಣ್ಣ ಬದಲಾಗದಿದ್ದರೆ ಹುಣ್ಣು ಶುರುವಾಗಿದೆ ಎಂದೇ ತಿಳಿಯಿರಿ. ಕಪ್ಪು ಮೈಯಲ್ಲಿ ಕೆಂಪು ಕಾಣುವುದಿಲ್ಲ. ಅಲ್ಲಿ ಬಿಸಿ, ಗಡಸುತನ, ನೇರಳೆ ಛಾಯೆ ನೋಡಬೇಕು.

ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಿ, ರಾತ್ರಿಯೂ. ಪೂರ್ತಿ ಮಗ್ಗಲಾಗಿ ಮಲಗಿಸಿದರೆ ಭಾರವೆಲ್ಲ ಸೊಂಟದ ಎಲುಬಿನ ಮೇಲೆ ಬಿದ್ದು ಅಲ್ಲಿ ಹೊಸ ಹುಣ್ಣಾಗುತ್ತದೆ. ಬೆನ್ನ ಹಿಂದೆ ದಿಂಬು ಕೊಟ್ಟು 30 ಡಿಗ್ರಿಯಷ್ಟು ಮಾತ್ರ ವಾಲಿಸಿ. ಮೀನಖಂಡದ ಕೆಳಗೆ ಇನ್ನೊಂದು ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ನೋಡಿಕೊಳ್ಳಿ. ಮೇಲಕ್ಕೆ ಸರಿಸುವಾಗ ಬಿದ್ದ ಕೈ ಹಿಡಿದು ಎಳೆಯಬೇಡಿ, ಹೆಗಲಿನ ಕೀಲು ಜಾರುತ್ತದೆ. ಮಡಿಸಿದ ಚಾದರವನ್ನು ಬೆನ್ನಿನಿಂದ ತೊಡೆಯವರೆಗೆ ಹಾಸಿ, ಇಬ್ಬರು ಎರಡೂ ಕಡೆ ಹಿಡಿದು ಎತ್ತಿ ಸರಿಸಿ.

ಗಾಳಿ ಹಾಸಿಗೆ ತಂದರೆ ಒಳ್ಳೆಯದೇ, ಆದರೆ ತಂದ ಮೇಲೆ ಮಗ್ಗಲು ಬದಲಿಸುವುದನ್ನೇ ಬಿಡುವ ಮನೆಗಳು ಬಹಳ. ಹಾಸಿಗೆಯಡಿ, ಸೊಂಟದ ಕೆಳಗೆ ಅಂಗೈ ಮೇಲ್ಮುಖವಾಗಿ ತೂರಿಸಿ ನೋಡಿ: ಎಲುಬು ಕೈಗೆ ಹತ್ತಿದರೆ ಗಾಳಿ ಸಾಲದು. ಮೇಲೆ ಒಂದೇ ತೆಳು ಚಾದರ ಹಾಸಿ. ನಾಲ್ಕು ಕೌದಿ ಹಾಕಿದರೆ ಹಾಸಿಗೆ ತಂದದ್ದೇ ದಂಡ. ಕರೆಂಟು ಹೋದರೆ ಗಾಳಿ ಇಳಿಯುವುದರಿಂದ ಪಂಪನ್ನು ಇನ್ವರ್ಟರಿಗೆ ಜೋಡಿಸಿ. ಚರ್ಮ ಒಡೆದರೆ ಅರಿಶಿನ, ಸ್ಪಿರಿಟ್ ಹಚ್ಚಬೇಡಿ, ಸಲೈನ್‌ನಿಂದ ತೊಳೆದು ವೈದ್ಯರಿಗೆ ತೋರಿಸಿ. ವಾಸನೆ, ಕೀವು, ಕಪ್ಪು ಮಾಂಸ, ಜ್ವರ ಕಂಡರೆ ಅದೇ ದಿನ ಆಸ್ಪತ್ರೆಗೆ ಒಯ್ಯಿರಿ.

ಕೆಮ್ಮಿನ ವಿಷಯ ಇನ್ನೂ ಗಂಭೀರ. ನೀರು ಶ್ವಾಸನಾಳಕ್ಕೆ ಹೋಗುತ್ತಿರಬಹುದು, ಹಾಗಾದರೆ ನ್ಯುಮೋನಿಯಾ ಆಗಬಹುದು. ನುಂಗುವುದನ್ನು ಪರೀಕ್ಷಿಸುವ ಸ್ಪೀಚ್ ಥೆರಪಿಸ್ಟ್‌ಗೆ ಬೇಗ ತೋರಿಸಿ. ಅಲ್ಲಿಯವರೆಗೆ ತೆಳು ನೀರಿನ ಬದಲು ಅಂಬಲಿಯಷ್ಟು ದಪ್ಪದ್ದನ್ನು ಚಮಚದಿಂದ, ನೆಟ್ಟಗೆ ಕೂಡಿಸಿ, ಗದ್ದ ತುಸು ಬಗ್ಗಿಸಿ ಕೊಡಿ. ತೆಳು ಸಾರಿನಲ್ಲಿ ರೊಟ್ಟಿ ಚೂರು ತೇಲಿಸಿ ಕೊಡುವುದು ಇಂಥವರಿಗೆ ಎಲ್ಲಕ್ಕಿಂತ ಕಷ್ಟದ ಊಟ, ಏಕೆಂದರೆ ಸಾರು ಮೊದಲು ಇಳಿದು ಚೂರು ಬಾಯಲ್ಲೇ ಉಳಿಯುತ್ತದೆ. ಜೋಳದ ರೊಟ್ಟಿಯೇ ಬೇಕೆಂದರೆ ಹಾಲಿನಲ್ಲಿ ನೆನೆಸಿ, ಗಂಟಿಲ್ಲದ ಹಾಗೆ ಕಿವುಚಿ ಒಂದೇ ಹದಕ್ಕೆ ತನ್ನಿ. ಊಟವಾದ ಮೇಲೆ ಎಡಗೆನ್ನೆಯೊಳಗೆ ತುತ್ತು ಉಳಿದಿದೆಯೇ ನೋಡಿ, ಅರ್ಧ ತಾಸು ಕೂಡಿಸಿಯೇ ಇಡಿ.

ಪ್ರಶ್ನೆ: ನಮ್ಮದು ಹಳೆಯ ಕಲ್ಲಿನ ಮನೆ. ಆರಿಂಚಿನ ಹೊಸ್ತಿಲು, ಹಿತ್ತಲಲ್ಲಿ ಪಾಯಖಾನೆ. ಅಪ್ಪ ರಾತ್ರಿ ಎದ್ದು ಹೋಗುವಾಗ ಎರಡು ಸಲ ಬಿದ್ದಿದ್ದಾರೆ.
— ಗುಳೇದಗುಡ್ಡದ ಓದುಗರು

ಉತ್ತರ: ಮೊದಲು ರಾತ್ರಿಯ ನಡಿಗೆಯನ್ನೇ ತಪ್ಪಿಸಿ. ಮಂಚದ ಪಕ್ಕದಲ್ಲೇ ಕಮೋಡ್ ಕುರ್ಚಿ ಇಡಿ, ನೆಲದ ಹತ್ತಿರ ಒಂದು ಸಣ್ಣ ದೀಪ ಉರಿಯಲಿ. ಏಳುವಾಗ ಒಂದು ನಿಮಿಷ ಕಾಲು ಇಳಿಬಿಟ್ಟು ಕೂತು ಆಮೇಲೆ ನಿಲ್ಲಲಿ. ತಟ್ಟನೆ ಎದ್ದರೆ ಬಿಪಿ ಇಳಿದು ಕಣ್ಣು ಕತ್ತಲೆ ಬರುತ್ತದೆ. ಮೂತ್ರ ಹೆಚ್ಚಿಸುವ ಗುಳಿಗೆ ಸಂಜೆಗಿದ್ದರೆ ಬೆಳಿಗ್ಗೆಗೆ ಬದಲಿಸಬಹುದೇ ಎಂದು ವೈದ್ಯರನ್ನು ಕೇಳಿ.

ಹೊಸ್ತಿಲಿಗೆ ಇಳಿಜಾರು ಮಾಡಿಸುವುದಾದರೆ ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದದ ಲೆಕ್ಕ, ಅಂದರೆ ನಿಮ್ಮ ಆರಿಂಚಿಗೆ ಆರು ಅಡಿ. ಗೌಂಡಿಗಳು ಜಾಗ ಉಳಿಸಲು ಎರಡು ಅಡಿಯಲ್ಲಿ ಮುಗಿಸುತ್ತಾರೆ, ಅದರ ಮೇಲೆ ಗಾಲಿಕುರ್ಚಿ ಹಿಂದಕ್ಕೆ ಮಗುಚುತ್ತದೆ. ಬಚ್ಚಲಿನ ಹಿಡಿಕೆ ನೆಲದಿಂದ ಎರಡೂಮುಕ್ಕಾಲರಿಂದ ಮೂರು ಅಡಿ ಎತ್ತರದಲ್ಲಿರಲಿ. ಟವೆಲ್ ಕೋಲನ್ನು ಹಿಡಿಕೆಯೆಂದು ನಂಬಬೇಡಿ. ಮಣ್ಣಿನಿಂದ ಕಟ್ಟಿದ ಕಲ್ಲು ಗೋಡೆಗೆ ಪ್ಲಾಸ್ಟಿಕ್ ಪ್ಲಗ್ ನಿಲ್ಲುವುದಿಲ್ಲ: ತಿಂಗಳೊಪ್ಪತ್ತಿನಲ್ಲಿ ಸಡಿಲಾಗಿ ಒಂದು ದಿನ ಕೈಯಲ್ಲೇ ಬರುತ್ತದೆ. ಗೋಡೆಯ ಆಚೆಯವರೆಗೆ ಬೋಲ್ಟ್ ಹಾಯಿಸಿ ಎರಡೂ ಬದಿ ಕಬ್ಬಿಣದ ಪಟ್ಟಿ ಕೊಡಿಸಿ, ಇಲ್ಲವೆ ನೆಲದಲ್ಲಿ ಕಾಂಕ್ರೀಟ್ ಹಾಕಿ ಪೈಪ್ ನಿಲ್ಲಿಸಿ. ನುಣುಪು ಫರಸಿಯ ಮೇಲೆ ಒದ್ದೆ ಕಾಲು ಜಾರದಂತೆ ರಬ್ಬರ್ ಹಾಸು ಹಾಕಿ.

ಪ್ರಶ್ನೆ: ಅಪ್ಪನಿಗೆ 78 ವರ್ಷ, ಮರೆವು ಶುರುವಾಗಿದೆ. ತಮ್ಮಂದಿರಿಬ್ಬರು ಪುಣೆ, ಬೆಂಗಳೂರಿನಲ್ಲಿದ್ದಾರೆ. ‘ಒಂದು ಮುಖತ್ಯಾರ ಪತ್ರ ಮಾಡಿಸಿಬಿಡು, ಸಾಕು’ ಅನ್ನುತ್ತಾರೆ. ನೋಡಿಕೊಳ್ಳುವವರು ನಾನು, ನನ್ನ ಹೆಂಡತಿ.
— ಅಥಣಿಯ ಓದುಗರು

ಉತ್ತರ: ಸಾಲದು. ಮುಖತ್ಯಾರ ಪತ್ರವೆಂದರೆ ತಮ್ಮ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಬರೆದುಕೊಡುವ ಅಧಿಕಾರ. ಪತ್ರ ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ 1872ರ ಕರಾರು ಕಾಯ್ದೆಯ ಕಲಂ 201ರಂತೆ ಮುಖತ್ಯಾರವೇ ಮುಗಿಯುತ್ತದೆ. ಅಂದರೆ ನಿಮಗೆ ಅದು ನಿಜವಾಗಿ ಬೇಕಾದಾಗಲೇ ಇರುವುದಿಲ್ಲ. ಮರೆವು ಶುರುವಾದ ಈ ಹೊತ್ತೇ ಕೊನೆಯ ಹೊತ್ತು ಎಂದು ತಿಳಿಯಿರಿ.

ಈ ತಿಂಗಳಲ್ಲೇ ಮಾಡಬೇಕಾದದ್ದು: ಬ್ಯಾಂಕ್ ಖಾತೆಯನ್ನು ಇಬ್ಬರಲ್ಲಿ ಯಾರಾದರೂ ನಡೆಸುವಂಥ ಜಂಟಿ ಖಾತೆ ಮಾಡಿಸಿ, ಎಲ್ಲ ಠೇವಣಿ, ವಿಮೆಗೆ ನಾಮಿನಿ ನೋಡಿ. ಮೃತ್ಯುಪತ್ರಕ್ಕೆ ಇಬ್ಬರು ಸಾಕ್ಷಿ ಕಡ್ಡಾಯ. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸುವುದು ಒಳ್ಳೆಯದು. ಪಿತ್ರಾರ್ಜಿತದಲ್ಲಿ ಅಪ್ಪನ ಪಾಲಿಗಷ್ಟೇ ಮೃತ್ಯುಪತ್ರ ನಡೆಯುತ್ತದೆ. ಮೃತ್ಯುಪತ್ರಕ್ಕೆ ಸಹಿ ಮಾಡಿದ ದಿನದ್ದೇ ತಾರೀಖಿನಲ್ಲಿ ‘ತಿಳಿದು ಸಹಿ ಮಾಡುವ ಸ್ಥಿತಿಯಲ್ಲಿದ್ದಾರೆ’ ಎಂದು ವೈದ್ಯರ ಪ್ರಮಾಣಪತ್ರ ತೆಗೆದಿಡಿ. ಅದಿಲ್ಲದೆ ಮುಂದೆ ಕೋರ್ಟಿಗೆ ಹೋಗುವ ತಂಟೆ ಬಹಳ.

ಅಪ್ಪ ಹೊಲ ಮನೆಯನ್ನು ದಾನಪತ್ರದಲ್ಲಿ ಕೊಡುವುದಾದರೆ, ಊಟ, ಔಷಧ, ಆರೈಕೆ ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲೇ ಬರೆಸಿ. 2007ರ ಪೋಷಕರು ಮತ್ತು ಹಿರಿಯ ನಾಗರಿಕರ ಕಾಯ್ದೆಯ ಕಲಂ 23ರಂತೆ ಷರತ್ತು ಮುರಿದರೆ ದಾನ ರದ್ದು ಮಾಡಿಸಬಹುದು. ಷರತ್ತೇ ಇಲ್ಲದಿದ್ದರೆ ಆಗದು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತ್ತು. 2025ರ ಜನವರಿಯಲ್ಲಿ ತಾಯಿಯೊಬ್ಬರ ಪ್ರಕರಣದಲ್ಲಿ ಅದೇ ನ್ಯಾಯಾಲಯ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಅರ್ಥ ಮಾಡಿತು, ಆದರೆ ಅದನ್ನೇ ನೆಚ್ಚಿ ಕೂಡಬೇಡಿ. ಅರ್ಜಿ ಹಾಕುವುದು ಉಪವಿಭಾಗಾಧಿಕಾರಿಗೆ, ನಿಮಗೆ ಚಿಕ್ಕೋಡಿಯಲ್ಲಿ. ಸಲಹೆಗೆ ಹಿರಿಯರ ಸಹಾಯವಾಣಿ 14567 ಇದೆ.

ತಮ್ಮಂದಿರ ಬಗ್ಗೆ ಒಂದು ಮಾತು. ಫೋನಿನಲ್ಲಿ ಸಲಹೆ ಕೊಡುವುದು ಆರೈಕೆಯಲ್ಲ. ದೂರದಲ್ಲಿರುವವರಿಗೆ ತಿಂಗಳ ಹಣ, ಔಷಧ ತರಿಸುವುದು, ಖರ್ಚಿನ ಲೆಕ್ಕ, ವರ್ಷಕ್ಕೆ ಎರಡು ಸಲ ಹದಿನೈದು ದಿನ ಬಂದು ಮನೆಯಲ್ಲಿರುವುದು, ಇಷ್ಟನ್ನು ಬರೆದು ಹಂಚಿಕೊಡಿ. ಆ ಹದಿನೈದು ದಿನ ನಿಮ್ಮ ಹೆಂಡತಿ ತವರಿಗೆ ಹೋಗಲಿ.

ಪ್ರಶ್ನೆ: ಮುತ್ಯಾನ ಹೆಬ್ಬೆಟ್ಟು ಯಂತ್ರಕ್ಕೆ ಹತ್ತುತ್ತಿಲ್ಲ. ನಿವೃತ್ತಿ ಪಿಂಚಣಿ ನಿಂತಿದೆ. ಮಂಚ ಬಿಟ್ಟು ಏಳುವುದಿಲ್ಲ.
— ಇಂಡಿ ಪಟ್ಟಣದ ಓದುಗರು

ಉತ್ತರ: ಹೊಲದ ಕೆಲಸದಲ್ಲಿ ಸವೆದ ಬೆರಳಿಗೆ ಇದು ಸಾಮಾನ್ಯ. ಜೀವನ್ ಪ್ರಮಾಣ್ ಆ್ಯಪ್‌ನಲ್ಲಿ ಮುಖ ತೋರಿಸಿಯೇ ಜೀವಂತ ಪ್ರಮಾಣಪತ್ರ ಸಲ್ಲಿಸಬಹುದು, ಮನೆಯ ಮೊಬೈಲಿನಲ್ಲೇ ಆಗುತ್ತದೆ. ಸರ್ಕಾರಿ ಪಿಂಚಣಿದಾರರು ಪ್ರತಿ ನವೆಂಬರ್‌ನಲ್ಲಿ ಸಲ್ಲಿಸಬೇಕು. ಕೇಂದ್ರ ಸರ್ಕಾರದ ಪಿಂಚಣಿದಾರರಿಗೆ 80 ದಾಟಿದ್ದರೆ ಅಕ್ಟೋಬರ್ 1ರಿಂದಲೇ ಅವಕಾಶ. ಹಣ ತೆಗೆಯಲು 70 ದಾಟಿದವರಿಗೆ ಮನೆಗೇ ಬರುವ ಸೇವೆಯನ್ನು ಬ್ಯಾಂಕಿನಲ್ಲಿ ಬರೆದು ಕೇಳಿ. ಸಹಿಯೂ ಆಗದಿದ್ದರೆ ರಿಸರ್ವ್ ಬ್ಯಾಂಕಿನ ನಿಯಮದಂತೆ ಹೆಬ್ಬೆಟ್ಟಿನ ಗುರುತು, ಅದೂ ಆಗದಿದ್ದರೆ ಕಾಲಿನ ಹೆಬ್ಬೆಟ್ಟಿನ ಗುರುತು ನಡೆಯುತ್ತದೆ. ಬ್ಯಾಂಕಿಗೆ ಪರಿಚಯವಿರುವ ಇಬ್ಬರು ಸಾಕ್ಷಿ ಬೇಕು, ಅವರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು.