ಹಳೆಯ ಪದ್ಮಿನಿ ಕಾರಿಗೆ ಟರ್ಬೊ ಹಾಕಿಸಬಹುದೇ?

ಬಳ್ಳಾರಿಯಲ್ಲಿ ಓಡಿಸುವ 1089 ಸಿ.ಸಿ. ಪ್ರೀಮಿಯರ್ ಪದ್ಮಿನಿಗೆ ಟರ್ಬೊ (ಎಂಜಿನ್ ಹೊಗೆಯ ರಭಸದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತಿ ತುಂಬುವ ಸಾಧನ) ಕೂರಿಸಬಹುದೇ ಎಂದು ಕೇಳಿದ್ದೀರಿ. ಕೂರಿಸಬಹುದು, ಆದರೆ ಮೊದಲು ಟ್ಯೂನಿಂಗ್ (ಈಗಿರುವ ಎಂಜಿನ್ನನ್ನೇ ಪರೀಕ್ಷಿಸಿ ಸರಿಹೊಂದಿಸುವ ಕೆಲಸ) ಮಾಡಿಸಿ ಎಂದೇ ನನ್ನ ಸಲಹೆ. ಟರ್ಬೊ ಒತ್ತಿದ ಗಾಳಿ ಬಿಸಿಯಾಗುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಊರಿನಲ್ಲಿ ಆ ಗಾಳಿ ಇಂಟರ್‌ಕೂಲರ್ (ಒತ್ತಿದ ಗಾಳಿಯನ್ನು ತಣಿಸುವ ಸಾಧನ) ಇಲ್ಲದೆ ಸಿಲಿಂಡರ್ ಸೇರಿದರೆ, ಪೆಟ್ರೋಲ್ ಆವಿಯ ಒಂದು ಭಾಗ ಕಿಡಿಯ ಜ್ವಾಲೆ ತಲುಪುವ ಮೊದಲೇ ತಾನಾಗಿ ಸಿಡಿದು, ಏರಿನಲ್ಲಿ ಕಟಕಟ ಸದ್ದು ಬಂದು, ಕೊನೆಗೆ ಪಿಸ್ಟನ್ನೇ ತೂತಾಗಬಹುದು. ಟರ್ಬೊ ಗಾಳಿ ಕಾರ್ಬ್ಯುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಮೂಲಕ ಹಾಯುವಂತಿದ್ದರೆ, ಆ ಗಾಳಿಗಿಂತ ಹೆಚ್ಚಿನ ಒತ್ತಡದಲ್ಲಿ ಪೆಟ್ರೋಲ್ ತಳ್ಳುವ ಪಂಪ್ ಬೇಕು.

ಆದ್ದರಿಂದ ನಾಲ್ಕೂ ಸಿಲಿಂಡರುಗಳ ಕಂಪ್ರೆಶನ್ (ಪಿಸ್ಟನ್ ಒತ್ತಿದಾಗ ಒಳಗೆ ಏಳುವ ಒತ್ತಡ) ಅಳೆಸಿ, ಟ್ಯಾಪೆಟ್ (ವಾಲ್ವ್ ತೆರೆಯುವ ಭಾಗ) ಸೆಟ್ ಮಾಡಿಸಿ. ಸಂಡೂರು ದಾರಿಯ ಅದಿರಿನ ಕೆಂಧೂಳು ಕೂತ ಏರ್‌ಫಿಲ್ಟರ್ ಬದಲಿಸಿ. ಕಿಡಿ ಹಾರಿಸುವ ಪ್ಲಗ್ ಬಿಚ್ಚಿ ನೋಡಿ: ತುದಿ ಮಸಿಯಂತೆ ಕಪ್ಪಾಗಿದ್ದರೆ ಪೆಟ್ರೋಲ್ ಹೆಚ್ಚಾಗಿದೆ, ತಿಳಿಕಂದಾಗಿದ್ದರೆ ಗಾಳಿ-ಪೆಟ್ರೋಲ್ ಮಿಶ್ರಣ ಸರಿಯಾಗಿದೆ.