‘ಹಿಸ್ ತ್ರೀ ಡಾಟರ್ಸ್’ ಸಿನಿಮಾ ಬರೀ ಮಾತು, ಒಂದೇ ಮನೆ ಅಂತಾರೆ. ಬೋರ್ ಆಗಲ್ವಾ?

ಬೋರ್ ಆಗುವುದಿಲ್ಲ. ಶುರುವಿನಲ್ಲಿ ಸ್ವಲ್ಪ ಕಿರಿಕಿರಿ ಆಗಬಹುದು, ಅದು ಬೇಕಂತಲೇ ಮಾಡಿದ್ದು.

ನ್ಯೂಯಾರ್ಕ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿ ಅಪ್ಪ ಕೊನೆಯ ದಿನಗಳಲ್ಲಿದ್ದಾನೆ. ದೂರವಾಗಿದ್ದ ಮೂವರು ಹೆಣ್ಣುಮಕ್ಕಳು ಅಲ್ಲಿ ಸೇರುತ್ತಾರೆ. ಕಥೆ ಇಷ್ಟೇ. ಬರೆದು ನಿರ್ದೇಶಿಸಿದವರು ಅಝಾಜೆಲ್ ಜೇಕಬ್ಸ್. 2023ರ ಟೊರಾಂಟೊ ಚಿತ್ರೋತ್ಸವದಲ್ಲಿ ಮೊದಲು ತೋರಿಸಿದರು, 2024ರ ಸೆಪ್ಟೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂತು.

ಮಾತು ಜಾಸ್ತಿ ಅನ್ನುವುದು ನಿಜ. ಆದರೆ ಯಾರು ಹೇಗೆ ಮಾತಾಡುತ್ತಾರೆ ಅನ್ನುವುದರಲ್ಲೇ ಎಲ್ಲಾ ಇದೆ. ದೊಡ್ಡವಳು ಕೇಟಿ (ಕ್ಯಾರಿ ಕೂನ್) ಖಾಲಿ ಗೋಡೆಯ ಮುಂದೆ ಕೂತು ಉಸಿರು ಬಿಡದೆ ಮಾತಾಡುತ್ತಾಳೆ. ಜಗಳ ಬೇಡ ಅನ್ನುತ್ತಲೇ ಜಗಳ ಶುರು ಮಾಡುವ ಜಾತಿ. ದೂರದಿಂದ ಬಂದ ಕ್ರಿಸ್ಟಿನಾ (ಎಲಿಜಬೆತ್ ಓಲ್ಸೆನ್) ಎಲ್ಲರನ್ನೂ ಸಮಾಧಾನ ಮಾಡಲು ಹೋಗುತ್ತಾಳೆ. ರೇಚಲ್ (ನತಾಶಾ ಲಿಯೋನ್) ಬಾಯಿ ಬಿಡುವುದೇ ಕಮ್ಮಿ. ಗಾಂಜಾ ಸೇದುತ್ತಾ ಆಟಗಳ ಮೇಲೆ ಬೆಟ್ಟಿಂಗ್ ಕಟ್ಟುತ್ತಾ ಇರುತ್ತಾಳೆ. ಆದರೆ ಇಷ್ಟು ದಿನ ಅಪ್ಪನ ಜೊತೆ ಇದ್ದವಳು ಅವಳೇ. ಅವನು ಹೆತ್ತ ಮಗಳೂ ಅಲ್ಲ, ಎರಡನೇ ಹೆಂಡತಿಯ ಮಗಳು.

ಜಗಳ ಎಲ್ಲಾ ಸಣ್ಣಪುಟ್ಟದ್ದಕ್ಕೇ. ಮನೆಯೊಳಗೆ ಸೇದಬೇಡ, ಫ್ರಿಜ್‌ನಲ್ಲಿ ಸರಿಯಾಗಿ ಏನೂ ಇಲ್ಲ, ಹೀಗೆ. ದೊಡ್ಡದು ಅಂದರೆ ಡಿಎನ್ಆರ್ ಪತ್ರ. ಉಸಿರು ನಿಂತರೆ ಮತ್ತೆ ಎಬ್ಬಿಸಲು ಒದ್ದಾಡಬೇಡಿ ಅಂತ ಬರೆದುಕೊಡುವುದು. ಅಪ್ಪನಿಗೆ ಪ್ರಜ್ಞೆ ಇದ್ದಾಗಲೇ ಯಾಕೆ ಸಹಿ ಹಾಕಿಸಲಿಲ್ಲ ಅಂತ ಕೇಟಿಗೆ ಸಿಟ್ಟು. ನಮ್ಮಲ್ಲಾದರೆ ಇಂಥ ಹೊತ್ತಲ್ಲಿ ದೊಡ್ಡಮ್ಮ, ಚಿಕ್ಕಪ್ಪ ಅಂತ ಮನೆ ತುಂಬಿರುತ್ತದೆ, ಯಾರೋ ಒಬ್ಬರು ಗದರಿಸಿ ಸುಮ್ಮನಾಗಿಸುತ್ತಾರೆ. ಇಲ್ಲಿ ಆ ಕೆಲಸ ಮಾಡುವವನು ರೇಚಲ್‌ಳ ಗೆಳೆಯ. ಅಪ್ಪನನ್ನು ನಿಜವಾಗಿ ನೋಡಿಕೊಂಡವರು ಯಾರು ಅಂತ ಉಳಿದಿಬ್ಬರ ಮುಖಕ್ಕೇ ಹೇಳುತ್ತಾನೆ. ನನಗೆ ಇಡೀ ಸಿನಿಮಾದಲ್ಲಿ ತುಂಬಾ ಹಿಡಿಸಿದ ಜಾಗ ಅದು.

ಅಪ್ಪನ ಕೋಣೆಯನ್ನು ಬಹಳ ಹೊತ್ತು ತೋರಿಸುವುದೇ ಇಲ್ಲ. ಮೆಷಿನ್ನಿನ ಬೀಪ್ ಸದ್ದು ಮಾತ್ರ ಕೇಳುತ್ತಿರುತ್ತದೆ, ಹಾಗಾಗಿ ಹೆಡ್‌ಫೋನ್ ಹಾಕಿಕೊಂಡೇ ನೋಡಿ. ಕೊನೆಯ ಹೊತ್ತಿಗೆ ಒಂದು ದೃಶ್ಯ ಇದೆ, ಏನಂತ ಹೇಳಲ್ಲ. ಅಲ್ಲಿಯವರೆಗಿನ ದಾರಿ ಬಿಟ್ಟು ಸಿನಿಮಾ ಬೇರೆಡೆ ಹೊರಳಿತು ಅನ್ನಿಸಿತು ನನಗೆ. ಅಪ್ಪನ ಪಾತ್ರದ ಜೇ ಓ. ಸ್ಯಾಂಡರ್ಸ್ ಅಷ್ಟು ಚೆನ್ನಾಗಿ ಮಾಡದಿದ್ದರೆ ಅದು ನಿಲ್ಲುತ್ತಿರಲಿಲ್ಲ. ನಿಮ್ಮ ಮನೆಯಲ್ಲೇ ಯಾರಿಗಾದರೂ ಹುಷಾರಿಲ್ಲ ಅಂದರೆ ಮಾತ್ರ ಸದ್ಯಕ್ಕೆ ಬೇಡ, ಆಮೇಲೆ ನೋಡಿ.