ಪೆನ್‌ಡ್ರೈವ್ ಓಡಾಟ ತಪ್ಪಿಸೋದು ಹೇಗೆ?

ಪ್ರಶ್ನೆ: ನಮ್ಮದು ತಿಪಟೂರು ಹತ್ತಿರದ ತೋಟದ ಮನೆ. ಅಪ್ಪನ ಕೊಬ್ಬರಿ ಲೆಕ್ಕವೆಲ್ಲ ವಿಂಡೋಸ್ 11 ಡೆಸ್ಕ್‌ಟಾಪ್‌ನಲ್ಲಿದೆ. ನನ್ನ ಲ್ಯಾಪ್‌ಟಾಪ್‌ನಲ್ಲಿರೋದು ವಿಂಡೋಸ್ ಬದಲು ಉಬುಂಟು, ಅಕ್ಕನದು ಮ್ಯಾಕ್‌ಬುಕ್. ಉಬುಂಟುವಿನಲ್ಲಿ ಸಾಂಬಾ (ವಿಂಡೋಸ್ ಜೊತೆ ಫೈಲ್ ಹಂಚುವ ಪ್ರೋಗ್ರಾಂ) ಹಾಕಿ ಒಂದು ಫೋಲ್ಡರ್ ಹಂಚಿದೆ. ವಿಂಡೋಸ್‌ನ ‘ನೆಟ್‌ವರ್ಕ್’ನಲ್ಲಿ ಅದು ಕಾಣುತ್ತಲೇ ಇಲ್ಲ. ವಿಂಡೋಸ್‌ನಲ್ಲಿ ಎಸ್‌ಎಂಬಿ 1 (ಫೈಲ್ ಹಂಚಿಕೆಯ ಹಳೇ ವಿಧಾನ) ಆನ್ ಮಾಡು ಅಂತ ಗೆಳೆಯ ಹೇಳುತ್ತಾನೆ. ಮಾಡಲಾ ಮೇಡಂ?
– ಒಬ್ಬ ಓದುಗ, ತಿಪಟೂರು ತಾಲ್ಲೂಕು

ಉತ್ತರ: ಬೇಡಪ್ಪಾ. 2017ರ ಮೇ ತಿಂಗಳಲ್ಲಿ ಊರೂರಿನ ಕಂಪ್ಯೂಟರ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳಿದ ವನ್ನಾಕ್ರೈ ಅನ್ನೋ ಕೆಟ್ಟ ಪ್ರೋಗ್ರಾಂ ಹರಡಿದ್ದು ಇದೇ ಹಳೇ ಎಸ್‌ಎಂಬಿ 1ರ ತೂತಿನಿಂದ. ಅದೇ ವರ್ಷದ ಕೊನೆಯಿಂದ ಹೊಸ ವಿಂಡೋಸ್‌ನಲ್ಲಿ ಅದು ತಾನಾಗಿ ಬರುವುದೂ ನಿಂತಿತು. ಅಪ್ಪನ ಲೆಕ್ಕ ಇರುವ ಮಿಷನ್‌ಗೆ ಅದನ್ನು ಯಾಕೆ ವಾಪಸ್ ತರ್ತೀರಿ?

ಇನ್ನೊಂದು ಮಾತು. ‘ನೆಟ್‌ವರ್ಕ್’ ಪಟ್ಟಿಯಲ್ಲಿ ಹೆಸರು ಕಾಣಲಿಲ್ಲ ಅಂದ ಮಾತ್ರಕ್ಕೆ ಫೋಲ್ಡರ್ ಸಿಗುವುದಿಲ್ಲ ಅಂತಲ್ಲ. ‘ನಾನು ಇಲ್ಲಿದ್ದೀನಿ’ ಅಂತ ಈಗಿನ ವಿಂಡೋಸ್‌ಗೆ ಕೂಗಿ ಹೇಳುವ ಕೆಲಸ ಸಾಂಬಾದ್ದಲ್ಲ, ಅದಕ್ಕೆ ಬೇರೆ ಪ್ರೋಗ್ರಾಂ ಬೇಕು. ವಿಳಾಸ ಬರೆದು ನೇರ ಹೋದರೆ ಬಾಗಿಲು ತೆರೆಯುತ್ತದೆ.

ಆದರೆ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಫೋಲ್ಡರ್ ಇಟ್ಟಿದ್ದೇ ನನಗೆ ಒಪ್ಪಿಗೆಯಿಲ್ಲ. ನೀವು ಅದನ್ನು ಬ್ಯಾಗಿಗೆ ಹಾಕಿಕೊಂಡು ಹೊರಟರೆ ಮನೆಯಲ್ಲಿ ಫೈಲೂ ಇಲ್ಲ! ಡೆಸ್ಕ್‌ಟಾಪ್‌ನಲ್ಲೇ ಇಡಿ. ಮೊದಲು ರೂಟರ್‌ಗೆ ಹೋಗಿ ಆ ಡೆಸ್ಕ್‌ಟಾಪ್‌ಗೆ ಒಂದು ಖಾಯಂ ವಿಳಾಸ (ಐಪಿ ಅಡ್ರೆಸ್) ಕೊಡಿ, 192.168.1.20 ಅಂತಿಟ್ಟುಕೊಳ್ಳಿ. ವಿಂಡೋಸ್‌ನಲ್ಲಿ ಮನೆಯ ವೈಫೈ ‘ಪಬ್ಲಿಕ್’ ಅಂತಿದ್ದರೆ ‘ಪ್ರೈವೇಟ್’ ಮಾಡಿ.

ಈಗ ಬಹಳ ಜನ ಸಿಕ್ಕಿಕೊಳ್ಳುವ ಜಾಗ. ಡೆಸ್ಕ್‌ಟಾಪ್ ತೆರೆಯಲು ಅಪ್ಪ ನಾಲ್ಕಂಕಿಯ ಪಿನ್ ಒತ್ತುತ್ತಾರೆ, ಅಲ್ವಾ? ಆ ಪಿನ್ ಆ ಮಿಷನ್‌ನ ಮುಂದೆ ಕೂತವರಿಗೆ ಮಾತ್ರ. ಉಬುಂಟುವಿನಿಂದ ಅದನ್ನೇ ಕೊಟ್ಟರೆ ಮತ್ತೆ ಮತ್ತೆ ಪಾಸ್‌ವರ್ಡ್ ಕೇಳುತ್ತಲೇ ಇರುತ್ತದೆ. ಸುಮ್ನೆ ‘ಮನೆ’ ಅಂತ ಬೇರೆ ಲೋಕಲ್ ಅಕೌಂಟ್ (ಆ ಡೆಸ್ಕ್‌ಟಾಪ್‌ಗೆ ಮಾತ್ರ ಸೇರಿದ ಖಾತೆ) ಮಾಡಿ, ಗಟ್ಟಿ ಪಾಸ್‌ವರ್ಡ್ ಇಡಿ. ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯಿರಿ, ಮೂರೂ ಕಡೆ ಟೈಪ್ ಮಾಡಲು ಸುಲಭ. ಫೋಲ್ಡರ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಶೇರಿಂಗ್, ಶೇರ್. ಅಲ್ಲಿ ಈ ಅಕೌಂಟ್ ಸೇರಿಸಿ ‘ರೀಡ್/ರೈಟ್’ ಕೊಡಿ. ‘ಎವ್ರಿವನ್’ಗೆ ಕೊಡಬೇಡಿ.

ಉಬುಂಟುವಿನ ಫೈಲ್ಸ್ ಕಿಟಕಿಯಲ್ಲಿ ಕಂಟ್ರೋಲ್ ಎಲ್ ಒತ್ತಿ, ಎಸ್‌ಎಂಬಿ, ಕೋಲನ್, ಎರಡು ಸ್ಲ್ಯಾಶ್, ಆಮೇಲೆ ಆ ವಿಳಾಸ ಬರೆಯಿರಿ, ಅಂದರೆ smb://192.168.1.20. ಅಕ್ಕ ಫೈಂಡರ್‌ನಲ್ಲಿ ಕಮಾಂಡ್ ಕೆ ಒತ್ತಿ ಅದನ್ನೇ ಬರೆದರಾಯಿತು. ಡೆಸ್ಕ್‌ಟಾಪ್ ನಿದ್ದೆಗೆ ಜಾರಿದರೆ ಫೋಲ್ಡರ್ ಮಾಯ, ಹಾಗಾಗಿ ‘ಸ್ಲೀಪ್’ ಅನ್ನು ‘ನೆವರ್’ಗೆ ಹಾಕಿ.

ಹಂಚಿದ ಫೋಲ್ಡರ್‌ನಲ್ಲಿ ಪಟ್ಟಿ, ಬಿಲ್, ಫೋಟೊ ಇರಲಿ. ಅಪ್ಪನ ಅಸಲಿ ಲೆಕ್ಕದ ಫೈಲ್ ಅಲ್ಲಿಗೆ ಬರಬಾರದು. ಒಬ್ಬರು ಅಳಿಸಿದರೆ ಎಲ್ಲರಿಗೂ ಹೋಯ್ತು. ಹೊರಗಿನಿಂದಲೂ ಫೈಲ್ ನೋಡಬೇಕು ಅಂತ ರೂಟರ್‌ನಲ್ಲಿ 445ನೇ ಪೋರ್ಟ್ (ಎಸ್‌ಎಂಬಿ ಓಡಾಡುವ ಬಾಗಿಲು) ತೆರೆಯುವ ಆಸೆಯಂತೂ ಬೇಡವೇ ಬೇಡ.

ತೋಟದ ಮನೆಯ ಗೋಡೆ ದಪ್ಪ ಇದ್ದರೆ ಡೆಸ್ಕ್‌ಟಾಪ್‌ಗೆ ವೈಫೈ ನೆಚ್ಚಬೇಡಿ. ಲ್ಯಾನ್ ಕೇಬಲ್ ಎಳೆಯಿರಿ, 100 ಮೀಟರ್‌ವರೆಗೆ ಏನೂ ತೊಂದರೆಯಿಲ್ಲ. ಕಾಯಿ ಒಣಗುವ ಅಟ್ಟದ ಮೇಲೆ ಹಾದುಹೋಗುವುದಾದರೆ ಪಿವಿಸಿ ಪೈಪಿನೊಳಗೆ ಹಾಕಿಸಿ. ಅಲ್ಲಿ ಇಲಿ ಜಾಸ್ತಿ.